ಮಡಿಲು ತುಂಬಿ ಕಳಿಸುವಾಗ ತಾಯಿ ಕಾರ್ಡನ್ನೂ ಕಳಿಸಿ

ಮಾನ್ಯರೇ,

ಮೈಸೂರು, ಮಂಡ್ಯ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನದು. ಏಳರಲ್ಲೋ ಒಂಬತ್ತರಲ್ಲೋ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಹೆಣ್ಣನ್ನು ಅವ್ವನ ಮನೆಗೆ ಕಳಿಸುತ್ತಾರೆ. ಒಳ್ಳೆಯ ಪದ್ಧತಿ. ಮೊದಲ ಸಲ ಬಸುರಾದವಳಿಗೆ ಹೆತ್ತವ್ವನ ಆಸರೆ ದೊಡ್ಡದು. ಆದರೆ ಆ ದಿನ ಕಾರಿಗೆ ಏನೇನು ಏರುತ್ತದೆ ನೋಡಿ: ಹಣ್ಣಿನ ಬುಟ್ಟಿ, ಸಿಹಿ ತಿಂಡಿಯ ಡಬ್ಬಿ, ಹೊಸ ಸೀರೆ, ಬಳೆ. ಪ್ರತಿ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡು, ಆರು ತಿಂಗಳು ತೋರಿಸಿದ ಆಸ್ಪತ್ರೆಯ ಕಾಗದಗಳು ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತವೆ. ಮೂರು ತಿಂಗಳ ನಂತರ ನಡುರಾತ್ರಿ ನೋವು ಬಂದು ಹೆರಿಗೆ ವಾರ್ಡಿಗೆ ಬಂದಾಗ, "ರಕ್ತದ ಗುಂಪು ಯಾವುದಮ್ಮಾ, ಮೊದಲ ಸ್ಕ್ಯಾನಿಂಗ್ ಯಾವಾಗ ಆಯ್ತು" ಎಂದು ಕೇಳಿದರೆ ಜೊತೆಗೆ ಬಂದವರು ಫೋನ್ ಹಿಡಿದು ಬೀಗರ ಮನೆಯವರನ್ನು ಎಬ್ಬಿಸಬೇಕಾಗುತ್ತದೆ.

ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ಗಂಡನ ಮನೆಯಲ್ಲೂ ಹುಡುಗಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ತವರಿನಲ್ಲೂ ನೋಡಿಕೊಳ್ಳುತ್ತಾರೆ. ಎಡವಟ್ಟಾಗುವುದು ಇವೆರಡರ ನಡುವೆ. ನಾಗಮಂಗಲದ ಮಗಳು ತಿ. ನರಸೀಪುರದ ಸೊಸೆ ಎಂದಿಟ್ಟುಕೊಳ್ಳಿ. ನರಸೀಪುರದ ಕಡೆಯ ಆಶಾ ಕಾರ್ಯಕರ್ತೆ "ತವರಿಗೆ ಹೋದರು" ಎಂದು ಬರೆದುಕೊಳ್ಳುತ್ತಾರೆ. ನಾಗಮಂಗಲದ ಕಡೆಯವರಿಗೆ ಅವಳು ಬಂದಿರುವುದೇ ಗೊತ್ತಿರುವುದಿಲ್ಲ. ಹೀಗೆ ಎರಡು ಊರಿನ ಲೆಕ್ಕದಿಂದಲೂ ಅವಳು ಜಾರಿಹೋಗುವುದು ಯಾವ ಹೊತ್ತಿನಲ್ಲಿ? ಇಪ್ಪತ್ತೆಂಟು ವಾರದ ಆಸುಪಾಸಿನಲ್ಲಿ. ಎರಡನೇ ಸಲದ ಸಕ್ಕರೆ ಪರೀಕ್ಷೆ ಮುಗಿದಿರಬೇಕಾದದ್ದು, ನೆಗೆಟಿವ್ ರಕ್ತದವರಿಗೆ ಇಂಜೆಕ್ಷನ್ ಆಗಬೇಕಾದದ್ದು, ಬಿ.ಪಿ. ಏರತೊಡಗುವುದು, ರಕ್ತಹೀನತೆ ಮೈಮೇಲೆ ಕಾಣುವುದು, ಎಲ್ಲ ಆಗಲೇ. ಯಾರ ಕಣ್ಣೂ ತಪ್ಪಬಾರದ ಹೊತ್ತಿನಲ್ಲಿ ಇಬ್ಬರ ಕಣ್ಣೂ ತಪ್ಪುತ್ತದೆ.

ಕಾಗದಗಳ ಪೈಕಿ ಯಾವುದು ಏಕೆ ಬೇಕು ಎಂಬುದು ಮನೆಯವರಿಗೆ ತಿಳಿದರೆ ಅವರೇ ಜೋಪಾನ ಮಾಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಹಳೆಯದೆಂದು ಎತ್ತಿಡುವ ಮೊದಲ ಸ್ಕ್ಯಾನಿಂಗ್ ವರದಿ. ಹೆರಿಗೆಯ ದಿನಾಂಕ ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ನಲವತ್ತು ವಾರ ತುಂಬುವ ದಿನ ಸಿಗುತ್ತದೆ. ಬಹಳ ಹೆಣ್ಣುಮಕ್ಕಳಿಗೆ ಆ ದಿನ ಸರಿಯಾಗಿ ನೆನಪಿರುವುದಿಲ್ಲ. "ಗೌರಿ ಹಬ್ಬದ ಹಿಂದಿನ ವಾರ" ಎನ್ನುತ್ತಾರೆ. ಮುಟ್ಟು ಏರುಪೇರಾಗುವವರಿಗಂತೂ ಆ ಲೆಕ್ಕ ಕೂಡಿಬರುವುದೇ ಇಲ್ಲ. ಮೊದಲ ಮೂರು ತಿಂಗಳೊಳಗೆ ಮಾಡಿದ ಸ್ಕ್ಯಾನಿಂಗ್ ಈ ಲೆಕ್ಕವನ್ನು ಒಂದು ವಾರದ ಅಂತರದೊಳಗೆ ಹಿಡಿದುಕೊಡುತ್ತದೆ, ಏಕೆಂದರೆ ಆ ಹಂತದಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಎಂಟನೇ ತಿಂಗಳ ಸ್ಕ್ಯಾನಿಂಗ್ ಎರಡು ಮೂರು ವಾರ ಹಿಂದೆ ಮುಂದೆ ಹೇಳಬಹುದು. ಆಗ ಮಗು ದಪ್ಪವೋ ಸಣ್ಣವೋ ಎಂಬುದೂ ಆ ಅಳತೆಯಲ್ಲಿ ಬೆರೆತಿರುತ್ತದೆ.

ಮೊದಲ ವರದಿ ಇಲ್ಲದೆ ತವರಿನ ಆಸ್ಪತ್ರೆಗೆ ಹೋದರೆ ಅಲ್ಲಿಯ ವೈದ್ಯರಿಗೆ ಹೊಸ ಸ್ಕ್ಯಾನಿಂಗ್ ಹೇಳಿದ ದಿನಾಂಕವೇ ಗತಿ. ಬೆಳವಣಿಗೆ ಕುಂಠಿತವಾದ ಮಗುವನ್ನು "ಇನ್ನೂ ದಿನ ತುಂಬಿಲ್ಲ" ಎಂದು ಬಿಡುವ ಅಪಾಯ ಒಂದು ಕಡೆ. ದಿನ ತುಂಬದ ಮಗುವನ್ನು "ದಿನ ಮೀರಿದೆ" ಎಂದು ನೋವು ಬರಿಸಿ ಹೆರಿಸುವ ಅಪಾಯ ಇನ್ನೊಂದು ಕಡೆ. "ಪ್ರತಿ ಸ್ಕ್ಯಾನಿಂಗ್‌ನಲ್ಲೂ ಡೇಟು ಬೇರೆ ಬೇರೆ ಹೇಳ್ತಾರೆ" ಎಂದು ಮನೆಯವರು ಗೊಣಗುವುದುಂಟು. ದಿನಾಂಕ ಒಮ್ಮೆ ನಿಗದಿಯಾದರೆ ಮುಗಿಯಿತು. ಮೊದಲ ಸ್ಕ್ಯಾನಿಂಗ್‌ನದೇ ಕೊನೆಯವರೆಗೆ. ನಂತರದವು ಮಗುವಿನ ಬೆಳವಣಿಗೆ ನೋಡುವುದಕ್ಕೆ, ದಿನಾಂಕ ಬದಲಿಸುವುದಕ್ಕಲ್ಲ.

ಹದಿನೆಂಟರಿಂದ ಇಪ್ಪತ್ತನೇ ವಾರದಲ್ಲಿ ಮಾಡುವ ಸ್ಕ್ಯಾನಿಂಗ್ ಮಗುವಿನ ತಲೆ, ಬೆನ್ನುಹುರಿ, ಹೃದಯ, ಮೂತ್ರಪಿಂಡಗಳನ್ನು ಒಂದೊಂದಾಗಿ ನೋಡುವಂಥದ್ದು. ಮಾಸು, ಅಂದರೆ ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ಪೋಷಿಸುವ ಪ್ಲಾಸೆಂಟಾ, ಎಲ್ಲಿ ಕೂತಿದೆ ಎಂಬುದೂ ಅದರಲ್ಲಿರುತ್ತದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ ಕೊನೆಯ ತಿಂಗಳುಗಳಲ್ಲಿ ನೋವಿಲ್ಲದೆ ಇದ್ದಕ್ಕಿದ್ದಂತೆ ರಕ್ತ ಹೋಗಬಹುದು, ಸಹಜ ಹೆರಿಗೆ ಸಾಧ್ಯವಾಗದಿರಬಹುದು. ಅಂಥವಳನ್ನು ರಕ್ತದ ಸೌಕರ್ಯವಿಲ್ಲದ ಕಡೆ ಹೆರಿಗೆಗೆ ಇರಿಸಿಕೊಳ್ಳಬಾರದು ಎಂಬುದು ವರದಿ ನೋಡಿದವರಿಗಷ್ಟೇ ತಿಳಿಯುತ್ತದೆ. ಸ್ಕ್ಯಾನಿಂಗ್ ಮಾತು ಬಂತು, ಇದನ್ನೂ ಹೇಳಿಬಿಡುತ್ತೇವೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದುದು ಬಯಲಾದಾಗ ಜಿಲ್ಲೆಯೇ ತಲೆ ತಗ್ಗಿಸಿತು. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯಡಿ ಅಪರಾಧ. ಮಗುವಿನ ಅಂಗಾಂಗ ನೋಡಲೆಂದು ಇರುವ ಯಂತ್ರವನ್ನು ಹೆಣ್ಣನ್ನು ಹೊಸಕಲು ಬಳಸುವವರನ್ನು ಊರೂ ಕ್ಷಮಿಸಬಾರದು.

ಇನ್ನು ರಕ್ತದ ಗುಂಪು. ಹುಡುಗಿಯದು ನೆಗೆಟಿವ್ ಆಗಿದ್ದು ಗಂಡನದು ಪಾಸಿಟಿವ್ ಆಗಿದ್ದರೆ ಇಪ್ಪತ್ತೆಂಟನೇ ವಾರದಲ್ಲಿ ಒಂದು ಆಂಟಿ-ಡಿ ಇಂಜೆಕ್ಷನ್, ಹುಟ್ಟಿದ ಮಗುವಿನ ರಕ್ತ ಪಾಸಿಟಿವ್ ಎಂದು ಗೊತ್ತಾದರೆ ಹೆರಿಗೆಯಾದ ಎಪ್ಪತ್ತೆರಡು ಗಂಟೆಯೊಳಗೆ ಇನ್ನೊಂದು. ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಹಾಗಾಗಿಯೇ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಮೊದಲ ಹೆರಿಗೆಯಲ್ಲಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದಾಗ ತಾಯಿಯ ಮೈ ಅದರ ವಿರುದ್ಧ ಹೋರಾಡುವ ಕಣಗಳನ್ನು ತಯಾರು ಮಾಡಿಟ್ಟುಕೊಳ್ಳುತ್ತದೆ, ಎರಡನೇ ಮಗುವಿನದೂ ಪಾಸಿಟಿವ್ ಆಗಿದ್ದರೆ ಅವು ಅದರ ರಕ್ತವನ್ನು ಒಡೆಯಬಹುದು. ಆ ಕಣಗಳು ತಯಾರಾಗದಂತೆ ತಡೆಯುವುದೇ ಈ ಇಂಜೆಕ್ಷನ್. ಗಂಡನ ಊರಿನವರು "ತವರಿನಲ್ಲಿ ಹಾಕಿಸುತ್ತಾರೆ" ಎಂದುಕೊಳ್ಳುತ್ತಾರೆ, ತವರಿನವರು "ಅಲ್ಲೇ ಹಾಕಿಸಿರಬೇಕು" ಎಂದುಕೊಳ್ಳುತ್ತಾರೆ. ಗಂಡನ ರಕ್ತದ ಗುಂಪಿನ ಚೀಟಿಯನ್ನೂ ಫೈಲಿನಲ್ಲಿ ಇಡಿ.

ಸಕ್ಕರೆ ಪರೀಕ್ಷೆ ಮೊದಲ ಭೇಟಿಯಲ್ಲಿ ಒಮ್ಮೆ, ಇಪ್ಪತ್ನಾಲ್ಕರಿಂದ ಇಪ್ಪತ್ತೆಂಟನೇ ವಾರದೊಳಗೆ ಇನ್ನೊಮ್ಮೆ. ಎಪ್ಪತ್ತೈದು ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಐದರಿಂದ ಹತ್ತು ನಿಮಿಷದಲ್ಲಿ ಕುಡಿಯಬೇಕು, ಎರಡು ಗಂಟೆಯ ನಂತರ ರಕ್ತ ಕೊಡಬೇಕು. ಹಸಿದ ಹೊಟ್ಟೆಯಲ್ಲೇ ಬರಬೇಕೆಂದಿಲ್ಲ. ಅಂಕಿ 140 ಅಥವಾ ಅದಕ್ಕಿಂತ ಮೇಲಿದ್ದರೆ ಗರ್ಭಿಣಿಯ ಸಕ್ಕರೆ ಕಾಯಿಲೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಮುಚ್ಚುಮರೆ ಮಾಡಿ ರಕ್ತ ಕೊಟ್ಟರೆ ಬರುವ ಅಂಕಿ ಸುಳ್ಳು. ಮೊದಲನೆಯದು ಸರಿ ಬಂದರೆ ಎರಡನೆಯದು ಬೇಡ ಎಂದುಕೊಳ್ಳುವವರೇ ಹೆಚ್ಚು. ಸಕ್ಕರೆಯನ್ನು ಏರಿಸುವ ಹಾರ್ಮೋನುಗಳನ್ನು ಮಾಸು ಹೆಚ್ಚು ಸುರಿಸುವುದು ಆರನೇ ತಿಂಗಳ ಹೊತ್ತಿಗೆ. ಹಾಗಾಗಿ ಎರಡನೆಯದನ್ನು ಬಿಡಲೇಬಾರದು.

ರಕ್ತಹೀನತೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ಬಸುರಿಯರಲ್ಲಿ ನಿತ್ಯ ಕಾಣುವುದು ಇದನ್ನೇ. ಹಿಮೋಗ್ಲೋಬಿನ್ 11 ಇರಬೇಕು. ಏಳರಿಂದ ಹತ್ತರವರೆಗಿನದು ಮಧ್ಯಮ ರಕ್ತಹೀನತೆ, ಏಳಕ್ಕಿಂತ ಕಡಿಮೆಯಿದ್ದರೆ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಹೆರಿಗೆಯಲ್ಲಿ ಅರ್ಧ ಲೀಟರ್‌ವರೆಗೆ ರಕ್ತ ಹೋದರೂ ಹನ್ನೊಂದು ಇರುವವಳು ತಡೆದುಕೊಳ್ಳುತ್ತಾಳೆ. ಏಳು ಇರುವವಳಿಗೆ ಅದೇ ಅರ್ಧ ಲೀಟರ್ ಜೀವಕ್ಕೆ ಸಂಚಕಾರ.

ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, ಕನಿಷ್ಠ 180 ದಿನ. ಹೆರಿಗೆಯ ನಂತರವೂ ಅಷ್ಟೇ ದಿನ. ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹದಿನಾಲ್ಕನೇ ವಾರದಿಂದ ಕ್ಯಾಲ್ಸಿಯಂ 500 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಊಟದ ಜೊತೆ. ಇವೆರಡನ್ನೂ ಒಟ್ಟಿಗೆ ನುಂಗಬಾರದು, ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಡುವೆ ಎರಡು ಗಂಟೆ ಬಿಡಿ. ಮಾತ್ರೆ ನುಂಗಿ ಮೇಲೆ ಕಾಫಿ ಕುಡಿದರೂ ಅದೇ ಕಥೆ. ನಮ್ಮ ಮನೆಗಳಲ್ಲಿ ಊಟವಾದ ಕೂಡಲೇ ಕಾಫಿಯೋ ಟೀಯೋ ಬೇಕು, ಬಸುರಿಗೂ ಲೋಟ ತುಂಬಿ ಕೊಡುತ್ತಾರೆ. ಮುದ್ದೆ, ಸೊಪ್ಪಿನ ಸಾರು ಉಂಡು ಒಂದು ಗಂಟೆಯಾದರೂ ಕಳೆದ ಮೇಲೆ ಕೊಡಿ. ಬಸ್ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ, ಒಂದು ನೆಲ್ಲಿಕಾಯಿ ನಂಚಿಕೊಂಡರೆ ಸೊಪ್ಪಿನ, ಹುರುಳಿಯ ಕಬ್ಬಿಣ ಹೆಚ್ಚು ಹತ್ತುತ್ತದೆ.

ಮಾತ್ರೆ ತಗೊಂಡರೆ ಮಲ ಕಪ್ಪಗಾಗುತ್ತದೆ, ಅದು ಸಹಜ. ಹೊಟ್ಟೆ ತೊಳಸಿದರೆ ರಾತ್ರಿ ಮಲಗುವ ಮುಂಚೆ ತಗೊಳ್ಳಿ, ಬಿಡಬೇಡಿ. ಮಾತ್ರೆಯಿಂದ ಮಗು ಕಪ್ಪಗೆ ಹುಟ್ಟುತ್ತದೆ, ವಿಪರೀತ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಲ್ಲಿ ಹುರುಳಿಲ್ಲ. ತಿಂಗಳು ಬಿಟ್ಟು ನೋಡಿದಾಗ ಹಿಮೋಗ್ಲೋಬಿನ್ ಒಂದು ಅಂಕಿಯಾದರೂ ಏರಿರಬೇಕು. ಏರದಿದ್ದರೆ ಮಾತ್ರೆ ಸಾಲುತ್ತಿಲ್ಲ ಎಂದರ್ಥ. ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಬೇಕಾಗಬಹುದು. ಹೆರಿಗೆಗೆ ಒಂದು ವಾರ ಇರುವಾಗ ಇದನ್ನು ಕಂಡುಹಿಡಿದು ಪ್ರಯೋಜನವಿಲ್ಲ, ಆ ಇಂಜೆಕ್ಷನ್ನಿಗೂ ರಕ್ತವಾಗಲು ವಾರಗಳು ಬೇಕು. ಹೀಗಾಗಿ ಸೀಮಂತಕ್ಕೆ ಮುಂಚೆ ಒಂದು ಅಂಕಿ, ತವರಿಗೆ ಹೋಗಿ ತಿಂಗಳೊಳಗೆ ಇನ್ನೊಂದು ಅಂಕಿ, ಎರಡೂ ಕಾರ್ಡಿನಲ್ಲಿ ಒಂದರ ಕೆಳಗೊಂದು ಕಾಣಬೇಕು. ಏರಿದೆಯೋ ಇಳಿದಿದೆಯೋ ಎಂಬುದು ಒಂದೇ ಅಂಕಿಯಿಂದ ಗೊತ್ತಾಗದು.

ಬಿ.ಪಿ.ಯ ವಿಷಯ ಇನ್ನೂ ಚುರುಕು. ಚೊಚ್ಚಲು ಬಸುರಿಯರಲ್ಲೇ ಇದು ಹೆಚ್ಚು, ಇಪ್ಪತ್ತು ವಾರದ ನಂತರ ಯಾವಾಗ ಬೇಕಾದರೂ ಏರಬಹುದು. 140/90 ಮುಟ್ಟಿದರೆ ಅಂದೇ ವೈದ್ಯರಿಗೆ ತೋರಿಸಬೇಕು, ಮೂತ್ರದಲ್ಲಿ ಪ್ರೋಟೀನ್ ಇದೆಯೇ ನೋಡಿಸಬೇಕು. ಸಂಜೆ ಹೊತ್ತಿಗೆ ಪಾದ ಊದಿ ಬೆಳಿಗ್ಗೆ ಇಳಿದರೆ ಚಿಂತೆ ಬೇಡ. ಬೆಳಿಗ್ಗೆ ಎದ್ದಾಗಲೇ ಮುಖ ಊದಿದ್ದರೆ, ಉಂಗುರ ಬಿಗಿಯಾದರೆ, ವಾರಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ತೂಕ ಏರಿದರೆ ಅದು ಬೇರೆ. "ಬಸುರಿಗೆ ಬಾವು ಬರೋದು ಇದ್ದದ್ದೇ" ಎನ್ನುವ ಮಾತು ಇಲ್ಲಿ ಬೇಡ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚಿದಂತಾಗುವುದು, ಎದೆಗೂಡಿನ ಕೆಳಗೆ ಬಲಕ್ಕೆ ನೋವು ಬಂದರೆ ಫಿಟ್ಸ್ ಹತ್ತಿರವಿದೆ ಎಂದು ತಿಳಿದು ಹೊರಡಬೇಕು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ರಾತ್ರಿ ಕಳೆಯುವುದು ಜೀವ ತೆಗೆಯುತ್ತದೆ.

ಪ್ರಯಾಣದ ದಿನ ಕಾರಿನ ಬೆಲ್ಟ್ ಹಾಕಿಕೊಳ್ಳಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆಗೆ ತಾಗಿ ಬರಬೇಕು, ಮೇಲಿನ ಪಟ್ಟಿ ಎದೆಯ ನಡುವಿನಿಂದ ಹಾಯಬೇಕು. ಒಂದೂವರೆ ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದು ಮೂತ್ರ ಮಾಡಲಿ. ಬಸ್ಸಾದರೆ ಹಿಂದಿನ ಚಕ್ರದ ಮೇಲಿನ ಸೀಟು ಬೇಡ.

ತವರಿಗೆ ಬಂದ ವಾರದೊಳಗೆ ಮಾಡಬೇಕಾದ ಕೆಲಸ ಎರಡೇ. ಊರಿನ ಆಶಾ ಕಾರ್ಯಕರ್ತೆಗೆ ತಾಯಿ ಕಾರ್ಡ್ ತೋರಿಸಿ ಅವರ ಪಟ್ಟಿಗೆ ಸೇರಿಸುವುದು ಒಂದು. ಹೊಸ ಕಾರ್ಡ್ ಮಾಡಿಸಬೇಡಿ, ಹಳೆಯದರಲ್ಲೇ ಮುಂದುವರಿಸಿ. ಎರಡು ಕಾರ್ಡಾದರೆ ಅರ್ಧ ಚರಿತ್ರೆ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ. ಹೆರಿಗೆ ಎಲ್ಲಿ ಎಂದು ತೀರ್ಮಾನಿಸಿ ಆ ಆಸ್ಪತ್ರೆಗೆ ಒಮ್ಮೆ ಹೋಗಿಬರುವುದು ಇನ್ನೊಂದು. 2016ರಿಂದ ಪ್ರತಿ ತಿಂಗಳ ಒಂಬತ್ತನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ಉಚಿತವಾಗಿ ನೋಡುವ ಏರ್ಪಾಡು ಇದೆ, ಅದಕ್ಕೇ ಹೋದರೂ ಆಯಿತು.

ಆಸ್ಪತ್ರೆ ಆರಿಸುವಾಗ ಕಟ್ಟಡ ನೋಡಬೇಡಿ, ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ ಎಂದು ಕೇಳಿ. ಹೆರಿಗೆ ತಜ್ಞರು, ಅರಿವಳಿಕೆ ವೈದ್ಯರು ಇದ್ದಾರೆಯೇ? ರಕ್ತ ಅಲ್ಲೇ ಸಿಗುತ್ತದೆಯೇ, ಎಲ್ಲಿಂದಲೋ ತರಬೇಕೇ? ಉಸಿರಾಡದ ಮಗುವಿಗೆ ಆರೈಕೆ ಘಟಕ ಇದೆಯೇ? ಎಲ್ಲ ಸರಿಯಿದ್ದು ಮಗುವಿನ ತಲೆ ಕೆಳಗಿದ್ದರೆ ದಿನದ 24 ಗಂಟೆಯೂ ಹೆರಿಗೆ ಮಾಡಿಸುವ ಪ್ರಾಥಮಿಕ ಆರೋಗ್ಯ ಕೇಂದ್ರವೂ ಸಾಕು. ಬಿ.ಪಿ., ಸಕ್ಕರೆ, ಅವಳಿ, ಮಗು ಕುಂಡೆ ಕೆಳಗಾಗಿ ಅಥವಾ ಅಡ್ಡಲಾಗಿ ಇರುವುದು, ಹಿಮೋಗ್ಲೋಬಿನ್ ಏಳಕ್ಕಿಂತ ಕಡಿಮೆ, ತಾಯಿಯ ಎತ್ತರ 140 ಸೆಂಟಿಮೀಟರ್‌ಗಿಂತ ಕಡಿಮೆ ಇವುಗಳಲ್ಲಿ ಒಂದಿದ್ದರೂ ತಾಲ್ಲೂಕು ಆಸ್ಪತ್ರೆ, ಇಲ್ಲವೇ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್, ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಕಡೆಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಚೆಲುವಾಂಬಕ್ಕೆ ಸುತ್ತಲ ಜಿಲ್ಲೆಗಳಿಂದಲೂ ಬರುತ್ತಾರೆ, ನೂಕುನುಗ್ಗಲು ಸಹಜ. ನೋವು ತಿಂದುಕೊಂಡು ಮೊದಲ ಬಾರಿಗೆ ಆ ಗೇಟು ಹುಡುಕುವುದಕ್ಕಿಂತ ಮೂವತ್ತಾರನೇ ವಾರದಲ್ಲಿ ಹೋಗಿ ಹೆರಿಗೆ ವಾರ್ಡ್ ಎಲ್ಲಿ, ಚೀಟಿ ಎಲ್ಲಿ ಮಾಡಿಸುವುದು ಎಂದು ನೋಡಿಕೊಂಡು ಬಂದಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಹಣದ ಬಗ್ಗೆ ಎರಡು ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ ಎಲ್ಲವೂ 2011ರಿಂದ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್ನಿಗೆ ಏಳು ದಿನ ಊಟ, ಮನೆಗೆ ಬಿಡುವ ವಾಹನ ಇವೂ ಅದರಲ್ಲೇ ಸೇರಿವೆ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಐದು ಸಾವಿರ ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ: ಬೇಗ ನೋಂದಣಿಯಾಗಿ ಒಮ್ಮೆ ತಪಾಸಣೆ ಆದ ಮೇಲೆ ಮೂರು ಸಾವಿರ, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ ಎರಡು ಸಾವಿರ. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು.

ಚೀಲ ಮೂವತ್ತಾರು ವಾರಕ್ಕೆ ಕಟ್ಟಿಟ್ಟಿರಬೇಕು. ಮೇಲೆ ಕಾರ್ಡು, ಸ್ಕ್ಯಾನಿಂಗ್ ವರದಿಗಳು, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಪ್ರತಿ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಮಗುವಿಗೆ ಹಳೆಯ ಹತ್ತಿ ಸೀರೆಯ ನಾಲ್ಕೈದು ತುಂಡು ಬೇಕು, ಆದರೆ ಬೀರುವಿನಿಂದ ಹಾಗೇ ತೆಗೆದದ್ದು ಬೇಡ. ಒಗೆದು, ಬಿಸಿಲಿನಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಶುಭ್ರವಾದ ಕವರಿನಲ್ಲಿಡಿ. ನ್ಯಾಫ್ತಲಿನ್ ಗುಳಿಗೆ ಹಾಕಿಟ್ಟ ಬಟ್ಟೆಯನ್ನು ಮಗುವಿಗೆ ಸುತ್ತಲೇಬಾರದು, ಕೆಲವು ಮಕ್ಕಳಲ್ಲಿ ಅದು ರಕ್ತ ಒಡೆದು ಕಾಮಾಲೆ ತರುತ್ತದೆ. ಟೋಪಿ, ಕಾಲುಚೀಲ, ತಾಯಿಗೆ ಮುಂದೆ ಗುಂಡಿಯಿರುವ ಎರಡು ಮೂರು ನೈಟಿ, ದೊಡ್ಡ ಪ್ಯಾಡು, ಫ್ಲಾಸ್ಕು, ಲೋಟ, ಚಾರ್ಜರ್. ರಕ್ತ ಕೊಡಲು ಒಪ್ಪಿದ ಇಬ್ಬರು ಆರೋಗ್ಯವಂತರ ಹೆಸರು, ನಂಬರು ಒಂದು ಚೀಟಿಯಲ್ಲಿರಲಿ.

ಬಳೆಗಳ ಮಾತು ಹೇಳಲೇಬೇಕು. ಸೀಮಂತದ ಹಸಿರು ಗಾಜಿನ ಬಳೆ ಎರಡು ಕೈಗೂ ಮೊಣಕೈ ಹತ್ತಿರದವರೆಗೆ ತೊಡಿಸಿರುತ್ತಾರೆ. ಹೆರಿಗೆ ವಾರ್ಡಿನಲ್ಲಿ ಡ್ರಿಪ್ ಸೂಜಿ ಹಾಕಬೇಕಾದದ್ದು ಮುಂಗೈ ಮೇಲೆ, ಮಣಿಕಟ್ಟಿನ ಸುತ್ತಮುತ್ತ. ಅಷ್ಟರಲ್ಲಿ ಕೈ ಊದಿರುತ್ತದೆ, ಬಳೆ ಜಾರುವುದಿಲ್ಲ, ಸೋಪು ಹಚ್ಚಿದರೂ ಬರುವುದಿಲ್ಲ. ನೋವಿನಲ್ಲಿ ಮಂಚದ ಕಂಬಿ ಹಿಡಿದಾಗ ಗಾಜು ಒಡೆದು ಅಂಗೈ ಕೊಯ್ಯುತ್ತದೆ. ರಕ್ತ ಹೋಗಿ ತುರ್ತಾಗಿ ಸೂಜಿ ಹಾಕಬೇಕಾದಾಗ ಬಳೆ ಒಡೆಯುತ್ತ ಕೂರುವ ನಿಮಿಷಗಳು ಬೆಲೆಯುಳ್ಳವು. ಒಂಬತ್ತು ತುಂಬುವ ಮುಂಚೆ ಕೈಗೆ ಎರಡೆರಡು ಉಳಿಸಿ ಉಳಿದವನ್ನು ತೆಗೆದು ದೇವರ ಮನೆಯಲ್ಲಿಡಿ. ಮಗು ಕರೆದುಕೊಂಡು ಬಂದ ಮೇಲೆ ಮತ್ತೆ ತೊಡಬಹುದು. ಉಂಗುರ, ಉಗುರುಬಣ್ಣವೂ ಅಷ್ಟೇ. ಆಮ್ಲಜನಕ ಅಳೆಯುವ ಕ್ಲಿಪ್ಪು ಬಣ್ಣದ ಉಗುರಿನ ಮೇಲೆ ತಪ್ಪು ತೋರಿಸಬಹುದು.

ಮಗು ಒದೆಯುವುದನ್ನು ಗಮನಿಸುವುದು ಬಸುರಿಯದೇ ಕೆಲಸ, ಯಾವ ಯಂತ್ರವೂ ಮನೆಯಲ್ಲಿ ಅದನ್ನು ಮಾಡಿಕೊಡದು. ಇಪ್ಪತ್ತೆಂಟು ವಾರದ ನಂತರ ದಿನಕ್ಕೊಮ್ಮೆ ಊಟವಾದ ಮೇಲೆ ಎಡ ಮಗ್ಗುಲಿಗೆ ಮಲಗಿ ಎಣಿಸಲಿ. ಎರಡು ಗಂಟೆಯೊಳಗೆ ಹತ್ತು ಸಲ ಅಲುಗಾಟ ಸಿಗಬೇಕು. ಬಹಳ ಮಂದಿಗೆ ಅರ್ಧ ಗಂಟೆಯಲ್ಲೇ ಸಿಗುತ್ತದೆ. ಸಿಗದಿದ್ದರೆ, ಅಥವಾ ದಿನಾ ಒದೆಯುತ್ತಿದ್ದದ್ದು ತೀರಾ ಮಂಕಾಗಿದೆ ಅನ್ನಿಸಿದರೆ ಅಂದೇ ಆಸ್ಪತ್ರೆಗೆ. "ದಿನ ತುಂಬಿದ ಮೇಲೆ ಮಗು ಸುಮ್ಮನಾಗುತ್ತೆ" ಎಂಬುದು ತಪ್ಪು. ಜಾಗ ಕಿರಿದಾಗಿ ಒದೆತದ ರೀತಿ ಬದಲಾಗಬಹುದು, ಎಣಿಕೆ ಕಡಿಮೆಯಾಗಬಾರದು.

ನೋವಿನಲ್ಲಿ ನಿಜವಾವುದು, ಸುಳ್ಳಾವುದು? ಸುಳ್ಳು ನೋವು ಹೊಟ್ಟೆಯ ಮುಂಭಾಗದಲ್ಲಿ ಬಂದು, ನಡೆದಾಡಿದರೆ ಇಲ್ಲವೇ ಮಲಗಿದರೆ ಕರಗುತ್ತದೆ. ನಿಜವಾದದ್ದು ಸೊಂಟದಿಂದ ಎದ್ದು ಮುಂದಕ್ಕೆ ಸುತ್ತಿಕೊಳ್ಳುತ್ತದೆ, ಬರಬರುತ್ತ ಹತ್ತಿರವಾಗುತ್ತದೆ, ಬಿಗಿಯಾಗುತ್ತದೆ. ಗಡಿಯಾರ ಹಿಡಿದು ಒಂದು ನೋವಿನ ಶುರುವಿನಿಂದ ಮುಂದಿನ ನೋವಿನ ಶುರುವಿನವರೆಗೆ ಲೆಕ್ಕ ಇಡಿ. ಐದೈದು ನಿಮಿಷಕ್ಕೆ ಒಂದರಂತೆ, ಒಂದೊಂದು ನಿಮಿಷ ಇರುವಂತೆ, ಒಂದು ಗಂಟೆ ಕಾಲ ಬಿಡದೆ ಬಂದರೆ ಹೊರಡುವ ಹೊತ್ತು. ಆಸ್ಪತ್ರೆ ದೂರವಿದ್ದರೆ ಇಷ್ಟೂ ಕಾಯಬಾರದು. ಹೆಗ್ಗಡದೇವನಕೋಟೆ, ಸರಗೂರಿನ ಕಾಡಂಚಿನ ಕೆಲವು ಹಾಡಿಗಳಲ್ಲಿ ಫೋನ್ ಸಿಗ್ನಲ್ಲೇ ಸಿಗದು, ಅಂಥ ಕಡೆಯವರು ದಿನ ತುಂಬುವ ವಾರ ಮುಂಚೆಯೇ ಆಸ್ಪತ್ರೆಯ ಹತ್ತಿರದ ನೆಂಟರ ಮನೆಗೆ ಬಂದಿರುವುದು ಕ್ಷೇಮ. 108ಕ್ಕೆ ಕರೆ ಮಾಡಿದಾಗ ಊರು, ಗುರುತಿನ ಜಾಗ, ಎಷ್ಟನೇ ತಿಂಗಳು, ನೋವೋ ನೀರೋ ರಕ್ತವೋ ಎಂಬುದನ್ನು ಮೊದಲೇ ಹೇಳಿ.

ನೀರಿನ ಚೀಲ ಒಡೆದರೆ ನೋವಿರಲಿ ಬಿಡಲಿ ಹೊರಡಬೇಕು. ಎಷ್ಟು ಗಂಟೆಗೆ ಒಡೆಯಿತು, ಬಣ್ಣ ಹೇಗಿದೆ ಎಂಬುದು ಮುಖ್ಯ. ತಿಳಿಯಾಗಿದ್ದರೆ ಸರಿ, ಹಸಿರು ಅಥವಾ ಪಾಚಿಬಣ್ಣವಿದ್ದರೆ ಮಗು ಒಳಗೇ ಮಲ ಮಾಡಿದೆ. ಹದಿನೆಂಟು ಗಂಟೆ ಮೀರಿದರೆ ಸೋಂಕಿನ ಭಯ. ಲೋಳೆಯ ಜೊತೆ ಸ್ವಲ್ಪ ರಕ್ತ ಕಾಣುವುದು ಹೆರಿಗೆ ಹತ್ತಿರವಿದೆ ಎಂಬ ಸೂಚನೆ. ಬಟ್ಟೆ ನೆನೆಯುವಷ್ಟು ರಕ್ತ ಹೋದರೆ ಒಂದು ಕ್ಷಣವೂ ತಡಮಾಡಬೇಡಿ.

ಚೊಚ್ಚಲಲ್ಲಿ ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರ್ ತೆರೆಯಲು ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಇದು ಮೊದಲೇ ತಿಳಿದಿದ್ದರೆ ಮೂರನೇ ಗಂಟೆಗೇ ಮನೆಯವರು "ಆಪರೇಷನ್ ಮಾಡಿಬಿಡಿ" ಎಂದು ಕೂಗಾಡುವುದಿಲ್ಲ. ಆ ಹೊತ್ತಿನಲ್ಲಿ ಅವಳು ನಡೆದಾಡಲಿ, ಗಂಜಿ, ಎಳನೀರು ಕುಡಿಯಲಿ, ಎರಡು ಗಂಟೆಗೊಮ್ಮೆ ಮೂತ್ರ ಮಾಡಲಿ, ಏಕೆಂದರೆ ತುಂಬಿದ ಮೂತ್ರಚೀಲ ಮಗುವಿನ ತಲೆ ಇಳಿಯಲು ಅಡ್ಡ. ಬಾಯಿ ಪೂರ್ತಿ ತೆರೆಯುವ ಮುಂಚೆ ಮುಕ್ಕಿದರೆ ಅದು ಊದಿಕೊಂಡು ಹೆರಿಗೆ ಇನ್ನೂ ತಡವಾಗುತ್ತದೆ. ಮೇಲಿನಿಂದ ಹೊಟ್ಟೆ ಒತ್ತಿ ಮಗುವನ್ನು ತಳ್ಳುವುದು ಯಾರೇ ಮಾಡಿದರೂ ತಪ್ಪು, ಗರ್ಭಕೋಶ ಹರಿಯಬಹುದು.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡೆಲ್ಲ ಹೆಮ್ಮೆಪಟ್ಟಿತು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂಲಗಿತ್ತಿಯರ ಕಾಲದಲ್ಲಿ ಹೆರುವವಳು ಒಬ್ಬಳೇ ಇರುತ್ತಿರಲಿಲ್ಲ. ಬೆನ್ನು ನೀವಲು, "ಆಯ್ತು ಕಣವ್ವ, ಇನ್ನೊಂದು ಸ್ವಲ್ಪ" ಎನ್ನಲು ಒಬ್ಬರು ಪಕ್ಕದಲ್ಲಿರುತ್ತಿದ್ದರು. ಹೆರಿಗೆ ಕೋಣೆಯಲ್ಲಿ ತನ್ನವರೊಬ್ಬರು ಜೊತೆಗಿದ್ದರೆ ನೋವು ತಡೆಯುವ ಶಕ್ತಿ ಹೆಚ್ಚುತ್ತದೆ, ಸಹಜ ಹೆರಿಗೆಯ ಸಾಧ್ಯತೆಯೂ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸರ್ಕಾರದ ನಿಯಮವೂ ಹೆಣ್ಣು ಸಂಗಾತಿಗೆ ಅವಕಾಶ ಕೊಟ್ಟಿದೆ. ಹಲವು ಕಡೆ ಜಾಗವಿಲ್ಲ, ಪರದೆಯಿಲ್ಲ ಎಂದು ಬಾಗಿಲಲ್ಲೇ ತಡೆಯುತ್ತಾರೆ. ಎರಡು ಮಂಚದ ನಡುವೆ ಒಂದು ಪರದೆ ಕಟ್ಟಿಸುವುದು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚಲ್ಲ. ದಯವಿಟ್ಟು ಮಾಡಿಸಿ.

ನಕ್ಷತ್ರ ನೋಡಿ ಸಿಸೇರಿಯನ್‌ಗೆ ಮುಹೂರ್ತ ಇಡಿಸುವ ಗೀಳು ಮೈಸೂರಿನಲ್ಲೂ ಬೆಳೆದಿದೆ. ಕಾರಣವಿಲ್ಲದೆ ಮೂವತ್ತೊಂಬತ್ತು ವಾರಕ್ಕೆ ಮುಂಚೆ ತೆಗೆದ ಮಗುವಿನ ಶ್ವಾಸಕೋಶದಲ್ಲಿ ನೀರು ಉಳಿದು ಉಸಿರಾಟಕ್ಕೆ ಕಷ್ಟವಾಗಬಹುದು. ಒಳ್ಳೆ ಗಳಿಗೆಯಲ್ಲಿ ಹುಟ್ಟಿದ ಕಂದ ಮೊದಲ ವಾರವನ್ನು ಗಾಜಿನ ಪೆಟ್ಟಿಗೆಯಲ್ಲಿ ಕಳೆಯುವಂತಾದರೆ ಆ ಗಳಿಗೆಯಿಂದೇನು ಬಂತು?

ಹುಟ್ಟಿದ ಮೇಲೆ ಮಗು ತಾಯಿಯ ಎದೆಯ ಮೇಲೆ, ಮೈಗೆ ಮೈ ತಾಗಿ ಇರಬೇಕು. ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಿದರೆ ಮಗುವಿಗೆ ಮಾಸಿನಲ್ಲಿರುವ ರಕ್ತ ಇಳಿದು ಮುಂದಿನ ತಿಂಗಳುಗಳ ಕಬ್ಬಿಣ ಸಿಗುತ್ತದೆ. ಒಂದು ಗಂಟೆಯೊಳಗೆ ಮೊದಲ ಹಳದಿ ಹಾಲು. "ಹಾಲೇ ಇಲ್ಲ, ಹನಿ ಬರುತ್ತೆ ಅಷ್ಟೇ" ಎಂದು ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸಬೇಡಿ. ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಒಂದು ಚಮಚದಷ್ಟು ಸಾಕು, ಆ ಹನಿಗಳೇ ಅಷ್ಟಾಗುತ್ತವೆ. ಸ್ನಾನ ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ. ಬಾಣಂತಿಗೆ ನೀರು ಕೊಡದೆ ಇರುವ ಪದ್ಧತಿಯನ್ನು ಅವ್ವಂದಿರು, ಅತ್ತೆಯಂದಿರು ಇಬ್ಬರೂ ಕೈಬಿಡಬೇಕು. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ ಅಷ್ಟೇ ಅಲ್ಲ, ನರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

ಆರೋಗ್ಯ ಇಲಾಖೆಗೆ ನಮ್ಮ ಬೇಡಿಕೆ ಸಣ್ಣದು. ತಾಯಿ ಕಾರ್ಡಿನಲ್ಲಿ ತವರಿನ ಊರು, ಅಲ್ಲಿಯ ಆಶಾ ಕಾರ್ಯಕರ್ತೆಯ ಫೋನ್ ನಂಬರ್, ಹೆರಿಗೆಗೆ ಗೊತ್ತುಮಾಡಿದ ಆಸ್ಪತ್ರೆ, ಈ ಮೂರನ್ನೂ ಐದನೇ ತಿಂಗಳ ತಪಾಸಣೆಯಲ್ಲೇ ಕಡ್ಡಾಯವಾಗಿ ಬರೆಸಬೇಕು. ಹುಡುಗಿ ಹೊರಡುವ ದಿನ ಗಂಡನ ಊರಿನ ಕಾರ್ಯಕರ್ತೆ ತವರಿನ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ ಹಿಮೋಗ್ಲೋಬಿನ್, ಬಿ.ಪಿ., ರಕ್ತದ ಗುಂಪು ಹೇಳಬೇಕು. ಆ ಒಂದು ಕರೆಯನ್ನೂ ಅವರ ಕೆಲಸದ ಲೆಕ್ಕಕ್ಕೆ ಸೇರಿಸಿ, ಅದಕ್ಕೂ ಗೌರವಧನ ಕೊಡಬೇಕು.

ಮೂರು ತಿಂಗಳಿಗೋ ಐದಕ್ಕೋ ಬಾಣಂತಿ ಮಗುವಿನ ಜೊತೆ ಗಂಡನ ಮನೆಗೆ ಹೊರಡುತ್ತಾಳೆ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳು ತವರಿನಲ್ಲಿ ಆಗಿರುತ್ತವೆ, ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಗಂಡನ ಊರಿನಲ್ಲಿ ಆಗಬೇಕು. ತೊಟ್ಟಿಲು, ಬೆಳ್ಳಿ ಉಡುದಾರ, ಬಜೆಯ ಸರ ಕಟ್ಟಿಡುವಾಗ ಲಸಿಕೆಗಳನ್ನೂ ಬರೆದಿರುವ ಆ ತಾಯಿ ಕಾರ್ಡನ್ನೂ ಅದೇ ಚೀಲಕ್ಕೆ ಹಾಕಿ ಕಳಿಸಿ.

ಇಂತಿ,
ಹೆರಿಗೆ ವಾರ್ಡಿನ ನಿವೃತ್ತ ಶುಶ್ರೂಷಕಿಯರು, ಮ​ೈಸೂರು ಮತ್ತು ಮಂಡ್ಯ